ಜಾತ್ರೆಯ ಬ್ರೇಕ್ ಡ್ಯಾನ್ಸ್: ಹತ್ತುವ ಮುನ್ನ, ಹತ್ತಿದ ಮೇಲೆ, ಇಳಿದ ನಂತರ

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಹೆಚ್ಚಾಗಿ ಮಾರ್ಚ್ ತಿಂಗಳಿನಲ್ಲಿ ನಡೆಯುತ್ತದೆ. ದೇವಿ ಬಿಡ್ಕಿಬೈಲಿನ ಗದ್ದುಗೆಯಲ್ಲಿ ಕುಳಿತಿರುವ ಆ ದಿನಗಳಲ್ಲಿ ಉಡಿ ತುಂಬಿ, ಹಣ್ಣುಕಾಯಿ ಮಾಡಿಸಿ ಹೊರಬಂದ ಕುಟುಂಬಗಳು ಬಳೆ ಅಂಗಡಿಯ ಸಾಲು ದಾಟುತ್ತಿದ್ದಂತೆಯೇ ಮಕ್ಕಳು ಕೈ ಜಗ್ಗುವುದು ತಿರುಗುವ ಆಟಗಳ ಕಡೆಗೆ. ಜೈಂಟ್ ವೀಲ್, ಕೊಲಂಬಸ್, ಟೋರಾ ಟೋರಾ, ಬ್ರೇಕ್ ಡ್ಯಾನ್ಸ್ ಎಂಬ ಹೆಸರುಗಳು ಈಗ ಶಿರಸಿಯಲ್ಲಷ್ಟೇ ಅಲ್ಲ, ಮೈಸೂರು ದಸರಾ ವಸ್ತುಪ್ರದರ್ಶನದಿಂದ ಹಿಡಿದು ಬಯಲುಸೀಮೆಯ ಸಣ್ಣ ತೇರುಗಳವರೆಗೆ ಎಲ್ಲೆಡೆಯೂ ಪರಿಚಿತವಾಗಿವೆ. ಇವುಗಳಲ್ಲಿ ದೇಹವನ್ನು ಅತ್ಯಂತ ಹೆಚ್ಚು ಗೊಂದಲಕ್ಕೆ ಕೆಡಹುವುದು ಬ್ರೇಕ್ ಡ್ಯಾನ್ಸ್ ಆದ್ದರಿಂದ, ಈ ಬರಹವು ಮುಖ್ಯವಾಗಿ ಅದನ್ನು ಹತ್ತುವವರಿಗಾಗಿ ಇದೆ. ಉಳಿದ ತಿರುಗುವ ಆಟಗಳಿಗೂ ಇದರಲ್ಲಿನ ಬಹುಪಾಲು ಮಾತು ಅನ್ವಯಿಸುತ್ತದೆ.

ಹಳೆಯ ಜಾತ್ರೆಗಳ ಮರದ ತೊಟ್ಟಿಲನ್ನು ಇಬ್ಬರು ಗಟ್ಟಿ ಆಳುಗಳು ಕೈಯಿಂದ ತಿರುಗಿಸುತ್ತಿದ್ದರು. ಅದರ ಚಲನೆ ಒಂದೇ ಬಗೆಯದು, ಮೇಲಕ್ಕೆ ಹೋಗಿ ಕೆಳಕ್ಕೆ ಬರುವುದು. ಬ್ರೇಕ್ ಡ್ಯಾನ್ಸ್ ಹಾಗಲ್ಲ. ಜರ್ಮನಿಯ ಹುಸ್ ಎಂಬ ಕಂಪನಿ 1985ರಲ್ಲಿ ಹೊರತಂದ ಮೂಲ ವಿನ್ಯಾಸದಲ್ಲಿ ತುಸು ಓರೆಯಾದ ದೊಡ್ಡದೊಂದು ತಟ್ಟೆ ತಿರುಗುತ್ತದೆ. ಆ ತಟ್ಟೆಯ ಮೇಲೆ ನಾಲ್ಕು ಕೈಗಳುಳ್ಳ ನಾಲ್ಕು ಚೌಕಟ್ಟುಗಳು ಬೇರೆಯಾಗಿ ತಿರುಗುತ್ತವೆ. ಒಂದೊಂದು ಕೈಯ ತುದಿಯಲ್ಲಿರುವ ಇಬ್ಬರ ಬಂಡಿಯು ಯಾವ ಮೋಟಾರಿನ ಹಂಗೂ ಇಲ್ಲದೆ, ಕುಳಿತವರ ತೂಕ ಎಳೆದ ಕಡೆಗೆ ತನ್ನಷ್ಟಕ್ಕೆ ತಾನು ತಿರುಗುತ್ತದೆ. ನಮ್ಮ ಜಾತ್ರೆಗಳಿಗೆ ಲಾರಿಯಲ್ಲಿ ಬರುವ ಯಂತ್ರಗಳು ಇದರ ಚಿಕ್ಕ ರೂಪಗಳಾಗಿದ್ದು ಬಂಡಿಗಳ ಸಂಖ್ಯೆಯಲ್ಲಿ ವ್ಯತ್ಯಾಸವಿರಬಹುದಾದರೂ, ತಿರುಗುವುದರೊಳಗೆ ತಿರುಗುವುದು, ಅದರೊಳಗೆ ಮತ್ತೊಮ್ಮೆ ತಿರುಗುವುದು ಎಂಬ ಸೂತ್ರ ಒಂದೇ. ಮುಂದಿನ ಕ್ಷಣ ಯಾವ ಕಡೆಗೆ ಎಳೆತ ಬರುತ್ತದೆಂದು ಕುಳಿತವರು ಊಹಿಸಲಾರರು. ಅದರ ಮೋಜೂ ಅಲ್ಲಿಯೇ ಇದೆ, ಹೊಟ್ಟೆ ತೊಳಸುವುದೂ ಅಲ್ಲಿಂದಲೇ.

ಬೇಲಿಯ ಹೊರಗೆ ಎರಡು ಆಟದಷ್ಟು ಹೊತ್ತು ನಿಲ್ಲಿ

ಟಿಕೆಟ್ ಕೊಳ್ಳುವ ಮೊದಲು ಕನಿಷ್ಠ ಎರಡು ಆಟಗಳನ್ನು ಪೂರ್ತಿಯಾಗಿ ನಿಂತು ನೋಡಬೇಕು. ಈ ಒಂದು ಸಲಹೆಯನ್ನು ಪಾಲಿಸಿ ಉಳಿದುದನ್ನೆಲ್ಲ ಮರೆತರೂ ಅರ್ಧ ಕೆಲಸ ಮುಗಿದಂತೆ ಎಂದು ನಾನು ಭಾವಿಸುತ್ತೇನೆ. ಸಾಧ್ಯವಾದರೆ ಇದಕ್ಕೆ ಸಂಜೆ ನಾಲ್ಕರಿಂದ ಆರರ ನಡುವಿನ ಹೊತ್ತನ್ನು ಆರಿಸಿಕೊಳ್ಳಿ. ರಾತ್ರಿಯ ಬಣ್ಣದ ದೀಪಗಳು ಕಣ್ಣಿಗೆ ಹಬ್ಬವಾದರೂ ತುಕ್ಕು, ಬಿರುಕು, ಸಡಿಲ ಬೋಲ್ಟುಗಳನ್ನೆಲ್ಲ ಅವು ಚೆನ್ನಾಗಿ ಮರೆಮಾಡುತ್ತವೆ.

ಮೊದಲು ನೆಲವನ್ನು ನೋಡಿ. ಜಾತ್ರೆಯ ಯಂತ್ರಗಳಿಗೆ ಕಾಂಕ್ರೀಟಿನ ಬುನಾದಿ ಇರುವುದಿಲ್ಲ. ಗದ್ದೆಯಲ್ಲೋ ಮೈದಾನದಲ್ಲೋ ಮರದ ದಿಮ್ಮಿಗಳನ್ನು ಇಟ್ಟು, ಅವುಗಳ ಮೇಲೆ ಕಬ್ಬಿಣದ ಕಾಲುಗಳನ್ನು ಕೂರಿಸಿ ಮಟ್ಟ ಮಾಡಿರುತ್ತಾರೆ. ಆಟ ನಡೆಯುತ್ತಿರುವಾಗ ಆ ದಿಮ್ಮಿಗಳು ಅಲುಗಾಡುತ್ತಿದ್ದರೆ, ಒಂದು ಕಾಲು ಮಣ್ಣಿನಲ್ಲಿ ಕುಸಿದಂತೆ ಕಂಡರೆ, ಅಥವಾ ಕಾಲಿನಡಿಗೆ ಇಟ್ಟಿಗೆ ಚೂರು, ಕಲ್ಲು ತುರುಕಿ ಸರಿದೂಗಿಸಿದ್ದರೆ ಅಲ್ಲಿಂದ ಮುಂದಕ್ಕೆ ನಡೆಯುವುದೇ ಲೇಸು. ದಸರೆಯ ಹೊತ್ತಿಗೆ ಬೀಳುವ ಹಿಂಗಾರಿನ ಅಡ್ಡಮಳೆಯ ಮರುದಿನ ಇದನ್ನು ಇನ್ನಷ್ಟು ಗಮನಿಸಬೇಕು. ಒದ್ದೆ ನೆಲದ ಮೇಲೆ ಬರಿದೇ ಹಾಸಿದ, ಟೇಪು ಸುತ್ತಿದ ಜೋಡಣೆಗಳುಳ್ಳ ವಿದ್ಯುತ್ ತಂತಿಗಳು ಕಂಡಲ್ಲಿ ಹತ್ತುವುದಿರಲಿ, ಕಬ್ಬಿಣದ ಬೇಲಿಯನ್ನು ಮುಟ್ಟುವುದೂ ಬೇಡ.

ಆ ಬಳಿಕ ಶಬ್ದವನ್ನು ಕೇಳಿ. ಹಾಡಿನ ಅಬ್ಬರದ ನಡುವೆ ಇದು ಕಷ್ಟವಾದರೂ, ಆಟ ಶುರುವಾಗುವ ಮತ್ತು ನಿಲ್ಲುವ ಕ್ಷಣಗಳಲ್ಲಿ ಕಿವಿಗೊಟ್ಟರೆ ತಿಳಿಯುತ್ತದೆ. ಒಂದೇ ಸಮನೆ ಬರುವ ಗುಂಯ್ ಎಂಬ ಸದ್ದು ಸಹಜ. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಕಟಕ್ ಎಂದು ಬಡಿದರೆ ಅಥವಾ ಕಬ್ಬಿಣ ಕಬ್ಬಿಣಕ್ಕೆ ಉಜ್ಜಿದಂತೆ ಕೀರಲು ಸದ್ದು ಬಂದರೆ ಸಹಜವಲ್ಲ.

ಮೂರನೆಯದಾಗಿ, ಯಂತ್ರಕ್ಕಿಂತಲೂ ಹೆಚ್ಚಾಗಿ ಅದನ್ನು ನಡೆಸುವವರನ್ನು ನೋಡಿ. ಸ್ವಿಚ್ಚಿನ ಬಳಿ ಕುಳಿತವನ ಕಣ್ಣು ಬಂಡಿಗಳ ಮೇಲಿದೆಯೋ ಮೊಬೈಲಿನ ಮೇಲಿದೆಯೋ? ಪ್ರತಿ ಬಂಡಿಯ ಬಳಿಗೂ ಒಬ್ಬ ಹೋಗಿ, ಕುಳಿತವರ ತೊಡೆಯ ಮೇಲೆ ಬರುವ ಅಡ್ಡಸರಳನ್ನು ಕೈಯಿಂದ ಜಗ್ಗಿ ನೋಡುತ್ತಾನೆಯೋ, ಅಥವಾ ದೂರದಿಂದಲೇ ಕೈಸನ್ನೆ ಮಾಡಿ ಆಟ ಆರಂಭಿಸುತ್ತಾರೆಯೋ? ಬಂಡಿಗಳು ಪೂರ್ತಿ ನಿಲ್ಲುವ ಮೊದಲೇ ಜನರನ್ನು ಇಳಿಸಿ ಮುಂದಿನವರನ್ನು ಒಳಕ್ಕೆ ಬಿಡುತ್ತಿದ್ದಾರೆಯೋ? ಒಂದು ಕಡೆಯ ಬಂಡಿಗಳಲ್ಲಷ್ಟೇ ಜನರನ್ನು ತುಂಬಿಸಿ ಇನ್ನೊಂದು ಕಡೆಯನ್ನು ಖಾಲಿ ಬಿಟ್ಟು ಓಡಿಸುತ್ತಿದ್ದಾರೆಯೋ? ಈ ಪ್ರಶ್ನೆಗಳಲ್ಲಿ ಒಂದಕ್ಕೆ ಕೆಟ್ಟ ಉತ್ತರ ಸಿಕ್ಕರೂ ನಾನಾದರೆ ಹತ್ತುವುದಿಲ್ಲ. ಜಾತ್ರೆಯಲ್ಲಿ ‘ಇನ್ನೂ ಜೋರು, ಇನ್ನೂ ಜೋರು’ ಎಂದು ಹುಡುಗರು ಕೂಗಿದಾಗ ವೇಗ ಹೆಚ್ಚಿಸುವ ಆಪರೇಟರ್ ಮಕ್ಕಳಿಗೆ ಅಚ್ಚುಮೆಚ್ಚಿನವನಾಗಬಹುದು. ಆದರೆ ಎಳೆತವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೇಗ ಎರಡರಷ್ಟಾದರೆ ದೇಹದ ಮೇಲಿನ ಎಳೆತ ನಾಲ್ಕರಷ್ಟಾಗುತ್ತದೆ ಎಂಬುದು ಆ ಹುಡುಗರಿಗೆ ತಿಳಿದಿರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಕಾಣದೆ ಉಳಿಯುವುದು ಬಹಳವಿದೆ. 2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿಯ ಉದ್ಯಾನದಲ್ಲಿ ತೂಗುವ ಆಟವೊಂದು ನಡುವೆಯೇ ಮುರಿದು ಇಬ್ಬರು ಸತ್ತರು, ಹಲವರು ಗಾಯಗೊಂಡರು. 2022ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಮೊಹಾಲಿಯ ಮೇಳವೊಂದರಲ್ಲಿ ಎತ್ತರಕ್ಕೆ ಏರಿದ ಆಟ ಜನರ ಸಮೇತ ನೆಲಕ್ಕೆ ಅಪ್ಪಳಿಸಿತು. ಕಬ್ಬಿಣದ ಒಳಗಿನ ಬಳಲಿಕೆಯನ್ನು ಬೇಲಿಯ ಹೊರಗೆ ನಿಂತವರು ಕಂಡುಹಿಡಿಯಲಾರರು. ಅದು ಪರಿಶೀಲನೆಗೆ ಬರುವ ಎಂಜಿನಿಯರುಗಳ ಹೊಣೆ. ಸ್ಥಳೀಯ ಆಡಳಿತದ ಅನುಮತಿ ಪತ್ರ ಮತ್ತು ಯಂತ್ರದ ಪರಿಶೀಲನೆಯ ಪತ್ರವನ್ನು ಟಿಕೆಟ್ ಕೌಂಟರಿನಲ್ಲಿ ಕೇಳುವುದರಲ್ಲಿ ಸಂಕೋಚಪಡಬೇಕಾದುದಿಲ್ಲ. ತೋರಿಸುವುದಿಲ್ಲ ಎಂದರೆ ಜಗಳವಾಡದೆ ಜಾತ್ರೆಯ ಪೊಲೀಸ್ ಹೊರಠಾಣೆಗೆ ತಿಳಿಸಿ ಬೇರೆ ಆಟಕ್ಕೆ ಹೋಗಬಹುದು.

ಯಾರು ಹತ್ತಬಾರದು

ಗರ್ಭಿಣಿಯರು, ಹೃದಯದ ತೊಂದರೆ ಅಥವಾ ಹತೋಟಿಯಲ್ಲಿಲ್ಲದ ರಕ್ತದೊತ್ತಡ ಇರುವವರು, ಕುತ್ತಿಗೆ ಮತ್ತು ಬೆನ್ನುಮೂಳೆಯ ನೋವಿನವರು, ಮೂರ್ಛೆರೋಗದವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಕಿವಿಯ ದೋಷದಿಂದ ಆಗಾಗ ತಲೆಸುತ್ತು ಬರುವವರು ಇದನ್ನು ಹತ್ತಲೇಬಾರದು. ಮದ್ಯ ಸೇವಿಸಿದವರೂ ಅಷ್ಟೆ. ಮೈಗ್ರೇನ್ ತಲೆನೋವಿನವರಿಗೆ ಹತ್ತಬಾರದೆಂಬ ನಿಷೇಧವಿಲ್ಲದಿದ್ದರೂ ಅವರಿಗೆ ಓಕರಿಕೆ ಬೇಗ ಬರುತ್ತದೆ. ಸುಮಾರು ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳಿಗೆ ಪ್ರಯಾಣದ ವಾಂತಿ ಎಲ್ಲರಿಗಿಂತ ಹೆಚ್ಚು ಎಂಬುದನ್ನು ಘಟ್ಟದ ಬಸ್ಸಿನಲ್ಲಿ ಓಡಾಡುವ ತಾಯಂದಿರಿಗೆ ಹೇಳಬೇಕಾಗಿಲ್ಲ. ಅಂಥ ಮಗುವನ್ನು ಮೊದಲು ನಿಧಾನವಾಗಿ ತಿರುಗುವ ಕುದುರೆಗಳ ಮೇಲೆ ಕೂರಿಸಿ ನೋಡುವುದು ಒಳ್ಳೆಯದು. ಅಡ್ಡಸರಳು ಮಗುವಿನ ತೊಡೆಗೆ ತಾಗದೆ ನಡುವೆ ಅಂತರ ಉಳಿಯುತ್ತಿದ್ದರೆ, ಫಲಕದಲ್ಲಿ ಎತ್ತರದ ಮಿತಿ ಏನೇ ಬರೆದಿರಲಿ, ಆ ಮಗುವಿಗೆ ಆ ಆಟ ಸಲ್ಲದು.

ಹೊಟ್ಟೆ, ಸೆರಗು, ಕೂದಲು

ತಿಂಡಿಯ ಸರದಿ ಆಟದ ನಂತರ ಬರಬೇಕು. ಮಿರ್ಚಿ ಮಂಡಕ್ಕಿ ತಿಂದು, ಅದರ ಮೇಲೆ ಕಬ್ಬಿನ ಹಾಲು ಕುಡಿದು ಹತ್ತಿದವರ ಪಾಡನ್ನು ವರ್ಣಿಸುವುದು ಬೇಡ. ಅವರ ಎದುರಿನ ಬಂಡಿಯಲ್ಲಿ ಕುಳಿತವರ ಪಾಡು ಇನ್ನೂ ಕಷ್ಟದ್ದು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಹಾಗೆಂದು ದೇವರ ದರ್ಶನಕ್ಕಾಗಿ ಬೆಳಿಗ್ಗೆಯಿಂದ ಉಪವಾಸವಿದ್ದವರು ಬರಿಹೊಟ್ಟೆಯಲ್ಲಿ ಹತ್ತುವುದೂ ಸರಿಯಲ್ಲ, ಏಕೆಂದರೆ ಬರಿಹೊಟ್ಟೆಯಲ್ಲಿಯೂ ಓಕರಿಕೆ ಬರುತ್ತದೆ. ಒಂದು ಬಾಳೆಹಣ್ಣು ಅಥವಾ ಎರಡು ಬಿಸ್ಕತ್ತು ತಿಂದು ಅರ್ಧ ಗಂಟೆ ಬಿಟ್ಟು ಹತ್ತಬಹುದು. ಶುಂಠಿಯ ಚೂರನ್ನು ಬಾಯಲ್ಲಿಟ್ಟುಕೊಳ್ಳುವುದು ಕೆಲವರಿಗೆ ಹಿತವೆನಿಸುತ್ತದೆ. ಪ್ರಯಾಣದ ವಾಂತಿಗೆ ಕೊಡುವ ಮಾತ್ರೆಗಳು ಕೆಲಸ ಮಾಡುವುದು ಅರ್ಧದಿಂದ ಒಂದು ಗಂಟೆ ಮೊದಲೇ ನುಂಗಿದಾಗ ಮಾತ್ರ. ಅವು ನಿದ್ದೆಯ ಮಂಪರನ್ನೂ ತರುವುದರಿಂದ ನಾಲ್ಕು ನಿಮಿಷದ ಆಟಕ್ಕಾಗಿ ಮಾತ್ರೆ ನುಂಗುವುದು ನನಗಂತೂ ದುಬಾರಿ ವ್ಯವಹಾರವಾಗಿ ಕಾಣುತ್ತದೆ.

ಉಡುಪಿನ ವಿಷಯದಲ್ಲಿ ಒಂದೇ ನಿಯಮ: ಗಾಳಿಗೆ ಹಾರುವ ಯಾವುದೂ ಇರಬಾರದು. ಸೀರೆಯ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಮೇಲೊಂದು ಪಿನ್ ಹಾಕಬೇಕು. ದುಪಟ್ಟಾವನ್ನು ತೆಗೆದು ಕೆಳಗಿರುವವರ ಕೈಗೆ ಕೊಡಬೇಕು. ಲುಂಗಿ ಉಟ್ಟವರು ಹತ್ತದಿರುವುದೇ ಉತ್ತಮ. ಉದ್ದ ಕೂದಲನ್ನು ಜಡೆ ಹಾಕಿದರೆ ಸಾಲದು, ಆ ಜಡೆಯನ್ನು ಸುತ್ತಿ ತುರುಬು ಕಟ್ಟಬೇಕು. ಜೈಂಟ್ ವೀಲಿನ ಕಬ್ಬಿಣಕ್ಕೆ ಕೂದಲು ಸಿಕ್ಕಿ ಬಾಲಕಿಯ ನೆತ್ತಿಯ ಚರ್ಮವೇ ಕಿತ್ತುಬಂದ ಘಟನೆ ನಮ್ಮ ರಾಜ್ಯದ ಜಾತ್ರೆಯಲ್ಲಿಯೇ ನಡೆದಿದೆ. ಇದು ದೊಡ್ಡವರು ಹೆದರಿಸಲು ಹೇಳುವ ಕಥೆಯಲ್ಲ. ಮೊಬೈಲು, ಬೀಗದ ಕೈ, ಕನ್ನಡಕ, ಮಕ್ಕಳಿಗೆ ಈಗಷ್ಟೇ ಕೊಡಿಸಿದ ಆಟಿಕೆ, ಎಲ್ಲವೂ ಕೆಳಗೇ ಉಳಿಯಬೇಕು. ಪ್ರತಿ ಕುಟುಂಬದಲ್ಲೂ ‘ನನಗೆ ಆ ಸಾಹಸ ಬೇಡಪ್ಪಾ’ ಎನ್ನುವ ಒಬ್ಬ ಅತ್ತೆಯೋ ಅಜ್ಜಿಯೋ ಇದ್ದೇ ಇರುತ್ತಾರೆ. ಚೀಲ ಹಿಡಿದು ನಿಲ್ಲುವ ಅವರನ್ನು ಆಪರೇಟರ್‌ನ ಹತ್ತಿರವೇ ನಿಲ್ಲಿಸಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಯಾವ ಕಡೆ ಯಾರು

ಬಂಡಿಯೊಳಗೆ ಯಾರು ಯಾವ ಕಡೆ ಕೂರಬೇಕೆಂಬುದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ನಾನೂ ಯೋಚಿಸಿರಲಿಲ್ಲ. ಮಧ್ಯದ ಕಂಬದ ಸುತ್ತ ಬಂಡಿಗಳು ಸುತ್ತುವ ಟೋರಾ ಟೋರಾದಲ್ಲಿ ಹೊರಬದಿಯಿಂದ ಜಾತ್ರೆ ಚೆನ್ನಾಗಿ ಕಾಣುತ್ತದೆಂದು ನಾನು ಅಲ್ಲಿ ಕುಳಿತೆ. ನನಗಿಂತ ಎರಡು ಪಾಲು ತೂಕದ ದೊಡ್ಡಪ್ಪನ ಮಗ ಒಳಬದಿಯಲ್ಲಿ ಕುಳಿತ. ವೇಗ ಏರಿದಂತೆ ಅಣ್ಣ ನನ್ನ ಮೇಲೆ ಜಾರಿ ಬಂದವನು ಆಟ ಮುಗಿಯುವವರೆಗೂ ಕದಲಲಿಲ್ಲ, ಕದಲುವುದು ಅವನಿಂದ ಸಾಧ್ಯವೂ ಇರಲಿಲ್ಲ. ಪಕ್ಕೆಲುಬಿನ ನೋವು ವಾರದವರೆಗೆ ಉಳಿಯಿತು. ಜಾತ್ರೆ ಹೇಗಿತ್ತೆಂದು ಕೇಳಿದವರಿಗೆ ಹೇಳಲು ನನ್ನಲ್ಲಿ ಅಣ್ಣನ ಅಂಗಿಯ ಗೆರೆಗಳ ನೆನಪಷ್ಟೇ ಇತ್ತು.

ಇದರ ಲೆಕ್ಕ ಸರಳವಾಗಿದೆ. ನೀವು ಕುಳಿತ ಬಂಡಿ ಮಧ್ಯದ ಕಂಬದಿಂದ 4 ಮೀಟರ್ ದೂರದಲ್ಲಿದ್ದು, 4 ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿದ್ದರೆ, ನಿಮ್ಮನ್ನು ಹೊರಕ್ಕೆ ಒತ್ತಿದಂತೆ ಅನಿಸುವ ಬಲವು ಹೆಚ್ಚುಕಡಿಮೆ ನಿಮ್ಮ ತೂಕದಷ್ಟೇ ಆಗಿರುತ್ತದೆ. ಒಳಬದಿಯಲ್ಲಿ 70 ಕಿಲೋ ತೂಕದ ತಂದೆಯೂ ಹೊರಬದಿಯಲ್ಲಿ 20 ಕಿಲೋ ತೂಕದ ಮಗಳೂ ಕುಳಿತರೆ, ಆ ತಂದೆಯ 70 ಕಿಲೋ ಅಡ್ಡಲಾಗಿ ಮಗಳ ಮೇಲೆ ಬೀಳುತ್ತದೆ. ಆದ್ದರಿಂದ ತೂಕ ಹೆಚ್ಚಿರುವವರು ಹೊರಬದಿಗೆ, ಹಗುರವಾದವರು ಒಳಬದಿಗೆ. ಮೊದಲು ಹತ್ತುವವರು ಯಾರೆಂಬುದು ಬಾಗಿಲು ಯಾವ ಕಡೆಗಿದೆ ಎಂಬುದನ್ನು ಅವಲಂಬಿಸುವುದರಿಂದ, ಇದನ್ನು ಸಾಲಿನಲ್ಲಿ ನಿಂತಿರುವಾಗಲೇ ತೀರ್ಮಾನಿಸಿಕೊಳ್ಳಿ.

ಟೋರಾ ಟೋರಾದಂಥ ಆಟಗಳಲ್ಲಿ ಹೊರಬದಿ ಯಾವಾಗಲೂ ಒಂದೇ ಆಗಿರುತ್ತದೆ. ಬ್ರೇಕ್ ಡ್ಯಾನ್ಸಿನಲ್ಲಿಯಾದರೋ ಬಂಡಿ ತಾನೂ ತಿರುಗುವುದರಿಂದ ಈಗ ಎಡಕ್ಕಿದ್ದ ಎಳೆತ ಮರುಕ್ಷಣ ಬಲಕ್ಕೆ ಬರುತ್ತದೆ. ಅಲ್ಲಿ ಹೆಚ್ಚುಕಡಿಮೆ ಸಮಾನ ತೂಕದ ಇಬ್ಬರು ಕುಳಿತರೆ ಒಬ್ಬರು ಇನ್ನೊಬ್ಬರನ್ನು ಅದುಮುವುದು ಕಡಿಮೆಯಾಗುತ್ತದೆ. ತೂಕದ ಅಂತರ ಹೆಚ್ಚಿದ್ದರೆ ಬಂಡಿ ಒಂದು ಕಡೆಗೆ ವಾಲಿ ಥಟ್ಟನೆ ತಿರುಗುತ್ತದೆ. ದೊಡ್ಡವರೊಬ್ಬರು ಪುಟ್ಟ ಮಗುವನ್ನು ಕರೆದುಕೊಂಡು ಇದನ್ನು ಹತ್ತುವುದು ನನ್ನ ದೃಷ್ಟಿಯಲ್ಲಿ ಯಾವ ವ್ಯವಸ್ಥೆಯಿಂದಲೂ ಸರಿಹೋಗದ ತಪ್ಪು.

ಕುಳಿತ ಕೂಡಲೆ ಅಡ್ಡಸರಳನ್ನು ತೊಡೆಗೆ ತಾಗುವಂತೆ ಎಳೆದುಕೊಳ್ಳಿ, ಅದು ಬೀಗ ಬಿದ್ದ ಸದ್ದನ್ನು ಕೇಳಿಸಿಕೊಳ್ಳಿ, ನಂತರ ಎರಡೂ ಕೈಗಳಿಂದ ಮೇಲಕ್ಕೆ ಜಗ್ಗಿ ಪರೀಕ್ಷಿಸಿ. ಬೀಗದ ಕೀಲಿಯ ಜಾಗದಲ್ಲಿ ತಂತಿಯನ್ನೋ ಹಗ್ಗವನ್ನೋ ಕಟ್ಟಿದ್ದರೆ ಆಗಲೇ ಎದ್ದು ಇಳಿಯಿರಿ. ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ, ಹಿಂದಿನವರು ಗೊಣಗಿದರೆ ಗೊಣಗಲಿ.

ತಿರುಗುವಾಗ

ಬೋಗುಣಿಯೊಂದರಲ್ಲಿ ನೀರು ತುಂಬಿ ಥಟ್ಟನೆ ತಿರುಗಿಸಿ ನೋಡಿ. ಮೊದಲು ಬೋಗುಣಿ ಮಾತ್ರ ತಿರುಗುತ್ತದೆ, ನೀರು ಇದ್ದಲ್ಲಿಯೇ ಇರುತ್ತದೆ. ಸ್ವಲ್ಪ ಹೊತ್ತಿಗೆ ನೀರೂ ಬೋಗುಣಿಯ ವೇಗಕ್ಕೆ ಕೂಡಿಕೊಳ್ಳುತ್ತದೆ. ಈಗ ಬೋಗುಣಿಯನ್ನು ನಿಲ್ಲಿಸಿದರೆ ನೀರು ನಿಲ್ಲದೆ ತಿರುಗುತ್ತಲೇ ಇರುತ್ತದೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳಿದ್ದು, ಅವುಗಳಲ್ಲಿ ನಡೆಯುವುದೂ ಇದೇ. ದ್ರವದ ಹರಿವನ್ನು ಸೂಕ್ಷ್ಮವಾದ ರೋಮಕೋಶಗಳು ಮಿದುಳಿಗೆ ತಿಳಿಸುತ್ತವೆ. ಒಂದೇ ವೇಗದಲ್ಲಿ ಸುತ್ತುತ್ತಿದ್ದರೆ ಸುಮಾರು 20 ಸೆಕೆಂಡುಗಳಲ್ಲಿ ಸುತ್ತುತ್ತಿರುವ ಅನುಭವವೇ ಮಾಸುತ್ತದೆ. ನಿಂತ ಮೇಲೆ ಲೋಕವೆಲ್ಲ ಹಿಮ್ಮುಖವಾಗಿ ಸುತ್ತಿದಂತಾಗುತ್ತದೆ. ಕಣ್ಣು ಒಂದು ಸುದ್ದಿಯನ್ನೂ ಕಿವಿ ಇನ್ನೊಂದು ಸುದ್ದಿಯನ್ನೂ ಕೊಟ್ಟಾಗ ಹೊಟ್ಟೆ ತೊಳಸತೊಡಗುತ್ತದೆ. ವೇಗವೂ ದಿಕ್ಕೂ ಕ್ಷಣಕ್ಷಣಕ್ಕೆ ಬದಲಾಗುವ ಬ್ರೇಕ್ ಡ್ಯಾನ್ಸಿನಲ್ಲಿ ಆ ದ್ರವಕ್ಕೆ ಒಂದು ವೇಗಕ್ಕೆ ಹೊಂದಿಕೊಳ್ಳುವಷ್ಟೂ ಪುರುಸೊತ್ತು ಸಿಗುವುದಿಲ್ಲ.

ಇದರಿಂದ ಹೊರಡುವ ಅತಿಮುಖ್ಯ ಸೂಚನೆ ಎಂದರೆ, ತಿರುಗುತ್ತಿರುವಾಗ ತಲೆಯನ್ನು ಬಗ್ಗಿಸಬಾರದು, ಓರೆ ಮಾಡಬಾರದು. ಸುತ್ತುತ್ತಿರುವ ದೇಹದ ಮೇಲೆ ತಲೆಯನ್ನು ಬೇರೆ ದಿಕ್ಕಿಗೆ ವಾಲಿಸಿದರೆ ಮೂರೂ ನಾಳಗಳ ದ್ರವ ಒಮ್ಮೆಗೇ ಕದಡಿ, ತಲೆಕೆಳಗಾಗಿ ಬೀಳುತ್ತಿರುವಂತೆ ಭಾಸವಾಗುತ್ತದೆ. ಕೆಳಗೆ ಬಿದ್ದ ಮೊಬೈಲನ್ನು ಎತ್ತಿಕೊಳ್ಳಲು ಬಗ್ಗಿದವರೇ ಮೊದಲು ವಾಂತಿ ಮಾಡುವುದು ಇದೇ ಕಾರಣಕ್ಕೆ. ತಲೆಯ ಹಿಂಭಾಗವನ್ನು ಆಸನಕ್ಕೆ ಒತ್ತಿ, ಬೆನ್ನು ಆನಿಸಿ, ಎರಡೂ ಕೈಗಳಿಂದ ಸರಳನ್ನು ಹಿಡಿದು ಕುಳಿತರೆ ಕುತ್ತಿಗೆಗೂ ಪೆಟ್ಟಾಗುವುದಿಲ್ಲ. ನೋಟವನ್ನು ನಿಮ್ಮೊಂದಿಗೆ ತಿರುಗುತ್ತಿರುವ ವಸ್ತುವಿನ ಮೇಲೆ, ಅಂದರೆ ನಿಮ್ಮ ಕೈ ಹಿಡಿದ ಸರಳಿನ ಮೇಲೆ ಇಡಿ; ಆದರೆ ಅದಕ್ಕಾಗಿ ತಲೆ ತಗ್ಗಿಸದೆ ಕಣ್ಣನ್ನಷ್ಟೇ ಇಳಿಸಿ. ಕಣ್ಣು ಮುಚ್ಚಿದರೆ ಕೆಲವರಿಗೆ ಹಿತ, ಕೆಲವರಿಗೆ ಇನ್ನಷ್ಟು ಕಷ್ಟ. ಅದನ್ನು ಪರೀಕ್ಷಿಸಿಯೇ ತಿಳಿಯಬೇಕು. ಕಿರುಚುವುದರಿಂದ ಹಾನಿಯೇನೂ ಇಲ್ಲ, ಉಸಿರು ಬಿಗಿಹಿಡಿಯುವುದಕ್ಕಿಂತ ಅದೇ ವಾಸಿ.

ನಿಲ್ಲಿಸಬೇಕೆನಿಸಿದರೆ ಏನು ಮಾಡಬೇಕು? ‘ನಿಲ್ಸಿ, ನಿಲ್ಸಿ’ ಎಂಬ ಕೂಗು ಅಲ್ಲಿ ಯಾರ ಕಿವಿಗೂ ಹೋಗುವುದಿಲ್ಲ, ಏಕೆಂದರೆ ಖುಷಿಯಲ್ಲಿರುವವರೂ ಅದನ್ನೇ ಕೂಗುತ್ತಿರುತ್ತಾರೆ. ಆದ್ದರಿಂದಲೇ ಕೆಳಗೆ ನಿಂತ ಅತ್ತೆಯೊಂದಿಗೆ ಮೊದಲೇ ಒಂದು ಸಂಕೇತವನ್ನು ಗೊತ್ತುಮಾಡಿಕೊಂಡಿರಬೇಕು. ಒಂದು ಕೈಯಿಂದ ಸರಳನ್ನು ಬಿಡದೆ, ಇನ್ನೊಂದು ಕೈಯ ಮುಷ್ಟಿಯನ್ನು ಬಂಡಿಯ ಅಂಚು ಮೀರದಂತೆ ನೇರ ಮೇಲಕ್ಕೆತ್ತಿ ಹಿಡಿದರೆ ಸಾಕು. ಪಕ್ಕದಲ್ಲೇ ಇರುವ ಆಪರೇಟರ್‌ನ ಭುಜ ತಟ್ಟುವುದು ಅತ್ತೆಯ ಕೆಲಸ.

ಕರೆಂಟು ಹೋಗಿ ಆಟ ನಡುವೆ ನಿಂತರೆ, ಎಷ್ಟೇ ತಗ್ಗಿನಲ್ಲಿದ್ದರೂ ಸರಳು ಸರಿಸಿ ಜಿಗಿಯಬಾರದು. ಜನರೇಟರ್ ಚಾಲೂ ಆದೊಡನೆ ತಟ್ಟೆ ಹೇಳದೆ ಕೇಳದೆ ಕದಲಬಹುದು, ಅದರ ಮೇಲಿನ ಕೈಗಳ ನಡುವೆ ಕಾಲು ಸಿಕ್ಕಬಹುದು. ಕುಳಿತಲ್ಲೇ ಕುಳಿತು, ಕೆಲಸಗಾರರು ಬಂದು ಸರಳು ತೆಗೆಯುವವರೆಗೆ ಕಾಯಬೇಕು. ಯಾರಿಗಾದರೂ ಪೆಟ್ಟಾಗಿದ್ದರೆ ಹೊರಗಿರುವವರು 112ಕ್ಕೆ ಕರೆ ಮಾಡಲಿ.

ಇಳಿದ ನಂತರ

ಬಂಡಿ ನಿಂತ ಮೇಲೆಯೂ ಕಿವಿಯೊಳಗಿನ ದ್ರವ ನಿಂತಿರುವುದಿಲ್ಲ. ಹತ್ತು ಎಣಿಸುವವರೆಗೆ ಹಾಗೆಯೇ ಕುಳಿತು, ಬೇಲಿಯ ಕಂಬಿ ಹಿಡಿದು ನಿಧಾನವಾಗಿ ಹೊರಬನ್ನಿ. ಮೆಟ್ಟಿಲಿನಲ್ಲಿ ಉರುಳಿ ಬೀಳುವವರೆಲ್ಲ ಆಟ ಮುಗಿಯಿತೆಂದು ಧೈರ್ಯ ಮಾಡಿದವರೇ. ಬವಳಿ ಬಂದಂತಾದರೆ ಜನಜಂಗುಳಿಯಿಂದ ಆಚೆ ಗಾಳಿ ಆಡುವಲ್ಲಿ ಕುಳಿತು ದೂರದ, ಅಲುಗದ ವಸ್ತುವೊಂದನ್ನು, ತೇರಿನ ಕಳಶವನ್ನೋ ಗುಡ್ಡದ ಸಾಲನ್ನೋ ನೋಡುತ್ತಿರಿ; ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಸಾಮಾನ್ಯವಾಗಿ ಕಾಲು ಗಂಟೆಯಲ್ಲಿ ಎಲ್ಲವೂ ತಿಳಿಯಾಗುತ್ತದೆ. ತೀವ್ರವಾದ ಕುತ್ತಿಗೆ ನೋವು ಅಥವಾ ತಲೆನೋವು, ಮಸುಕಾದ ದೃಷ್ಟಿ, ಕೈಕಾಲಿನಲ್ಲಿ ಬಲವಿಲ್ಲದಿರುವುದು, ನಿಲ್ಲದ ವಾಂತಿ ಇವುಗಳಲ್ಲಿ ಒಂದು ಕಂಡರೂ ಸೋಡಾ, ನಿಂಬೆಹಣ್ಣು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಒಂದು ಆಟದಿಂದ ಇಳಿದವರು ತಕ್ಷಣ ಇನ್ನೊಂದನ್ನು ಹತ್ತುವುದೂ ಬೇಡ. ನಡುವೆ ಅರ್ಧ ಗಂಟೆಯ ಅಂತರವಿರಲಿ, ಬಳೆ ಅಂಗಡಿಗಳು ಆ ಅರ್ಧ ಗಂಟೆಗೆಂದೇ ಇವೆ.

ಬೈಕಿನಲ್ಲಿ ಬಂದವರು ಇಳಿದ ಕೂಡಲೇ ಹ್ಯಾಂಡಲ್ ಹಿಡಿಯಬಾರದು. ಶಿರಸಿಯಿಂದ ಕುಮಟೆಯ ಕಡೆಗೆ ದೇವಿಮನೆ ಘಟ್ಟ ಇಳಿದು ಹೋಗುವವರಂತೂ ಕೊನೆಯ ಆಟಕ್ಕೂ ಬಸ್ಸಿಗೂ ನಡುವೆ ಒಂದು ಗಂಟೆಯನ್ನಾದರೂ ಉಳಿಸಿಕೊಳ್ಳಬೇಕು, ಏಕೆಂದರೆ ಬ್ರೇಕ್ ಡ್ಯಾನ್ಸ್ ಅರ್ಧಕ್ಕೆ ಬಿಟ್ಟ ಕೆಲಸವನ್ನು ಆ ತಿರುವುಗಳು ಪೂರೈಸಿಬಿಡುತ್ತವೆ. ಬಸ್ಸಿನಲ್ಲಿ ಮುಂದಿನ ಆಸನವನ್ನು, ಸಿಕ್ಕದಿದ್ದರೆ ಗಾಳಿ ಬರುವ ಕಿಟಕಿಯನ್ನು ಹಿಡಿಯಿರಿ. ಮಿರ್ಚಿ ಮಂಡಕ್ಕಿಯನ್ನು ಕಟ್ಟಿಸಿಕೊಂಡು ಹೋಗಿ ಮನೆಯಲ್ಲಿ ತಿನ್ನಿ.